ತಪ್ಪಾಯ್ತು ಅಂದರೆ ಚಪ್ಪಾಳೆ

ಯಡಿಯೂರು ಕೆರೆಯ ಹಿಂದಿನ ಅಡ್ಡರಸ್ತೆಗಳಿಗೆ ಮೂವತ್ತೊಂದು ವರ್ಷ ನೀರು ಬಿಟ್ಟವನು ನಾನು. ಸರ್ಕಾರಿ ಕಾಗದದಲ್ಲಿ ವಾಲ್ವ್‌ಮನ್ ಎಂದು ಬರೆದಿತ್ತು. ಜನ ನೀರಿನ ಕರಿಬಸವಯ್ಯ ಅನ್ನುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಯಾವ ಮುಚ್ಚಳದ ಕೆಳಗೆ ಯಾವ ವಾಲ್ವಿದೆ, ಅದು ಎಡಕ್ಕೆ ತಿರುಗಬೇಕೋ ಬಲಕ್ಕೋ, ಎಷ್ಟು ಸುತ್ತಿಗೆ ಯಾರ ಮನೆಯ ಸಂಪು ತುಂಬುತ್ತದೆ, ಎಲ್ಲ ತಲೆಯಲ್ಲೇ ಇತ್ತು. ನಿವೃತ್ತಿಯಾಗಿ ಹದಿನಾಲ್ಕು ವರ್ಷವಾದರೂ ಇದೆ ಎಂದೇ ನಂಬಿದ್ದೆ. ನಂಬಿಕೊಂಡು ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಹೇಳಿಕೊಂಡು ತಿರುಗಿದೆ.

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ನಮ್ಮ ಪಾರ್ಕಿಗೆ ಇಬ್ಬರು ಬಂದರು. ಒಬ್ಬಳು ಅಂಜನಾ, ಕಲಾವಿದೆ. ಬೆರಳಿಗೆಲ್ಲ ಬಣ್ಣ ಮೆತ್ತಿಕೊಂಡಿದ್ದಳು. ಇನ್ನೊಬ್ಬ ಶರಣ್. ಅವನ ಬೆರಳಿಗೆ ಬಣ್ಣ ಇರಲಿಲ್ಲ, ಯಾಕೆಂದರೆ ಅವನದು ಸಿದ್ಧಾಂತ. ಅವಳು ಮಾಡಿದ್ದು ಹೇಗೆ ಕಲೆಯಾಗುತ್ತದೆ ಎಂದು ಹೇಳುವುದು ಅವನ ಕೆಲಸ. ಮದುವೆ ಮನೆಯಲ್ಲಿ ಅಡುಗೆಯವರೇ ಬೇರೆ, ಬಡಿಸುವವರೇ ಬೇರೆ ಇರುತ್ತಾರಲ್ಲ, ಹಾಗೆ ಎಂದು ನಾನು ತಿಳಿದುಕೊಂಡೆ.

ಅವರನ್ನು ಕರೆಸಿದ್ದು ನಮ್ಮ ರಸ್ತೆಯ ಅಸೋಸಿಯೇಷನ್ನಿನ ಅಧ್ಯಕ್ಷರು, ನೀಲಕಂಠಪ್ಪನವರು. ಜಯನಗರದಲ್ಲಿ ನಲ್ಲಿ, ಪೈಪು ಮಾರುವ ಅಂಗಡಿ ಇಟ್ಟವರು. ನಮ್ಮದು ಮಾದರಿ ರಸ್ತೆ ಅನ್ನಿಸಿಕೊಳ್ಳಬೇಕೆಂಬುದು ಅವರ ಬಹಳ ದಿನದ ಆಸೆ. ಹಿರಿಯರನ್ನೆಲ್ಲ ಸಿಮೆಂಟು ಬೆಂಚುಗಳ ಮೇಲೆ ಕೂರಿಸಿ ಖಾರಾಬಾತ್ ಕೊಡಿಸಿದರು.

“ಅಂಕಲ್, ಆಂಟಿ, ಕಲೆ ಅಂದ್ರೆ ನಾವು ಬಂದು ಗೋಡೆ ಮೇಲೆ ಚಿತ್ರ ಬರೆದು ಹೋಗೋದಲ್ಲ,” ಎಂದಳು ಅಂಜನಾ. “ಒಂದು ಜಾಗದ ಜನ ಸೇರಿದಾಗ ಅವರವರ ಮಧ್ಯೆ ಏನು ಹುಟ್ಟುತ್ತೋ ಅದೇ ಕಲೆ. ನಾವು ಬರೀ ನೆಪ.”

ನನ್ನ ಹೆಂಡತಿ ನೀಲಗಂಗಮ್ಮ ಚಮಚ ಕೆಳಗಿಟ್ಟಳು. “ಹಂಗಾದ್ರೆ ಇವರಿಗೂ ನನಗೂ ಮಧ್ಯೆ ನಲವತ್ತೆಂಟು ವರ್ಷದಿಂದ ಹುಟ್ತಾ ಇರೋದು ಕಲೇನಾಮ್ಮ?”

ಶರಣ್ ನಗಲಿಲ್ಲ. “ಒಂಥರಾ ಹೌದು ಆಂಟಿ. ದೀರ್ಘಾವಧಿ ಕೃತಿ.”

“ಕೆಟ್ಟುಹೋದ್ರೆ ರಿಪೇರಿ ಯಾರದು?” ಎಂದು ನೀಲಕಂಠಪ್ಪನವರು ಕೇಳಿದರು.

“ಸಾರ್, ಈ ಥರದ ಕಲೇಲಿ ಕೆಡೋದು ಅಂತಾನೇ ಇಲ್ಲ. ಅಂದುಕೊಂಡ ಹಾಗೆ ಆಗದೇ ಇದ್ರೆ ಅದೂ ಪ್ರಕ್ರಿಯೆ. ಅದೂ ಕೃತಿಯ ಭಾಗ.”

ದಿನಾ ಕೆಟ್ಟ ನಲ್ಲಿಗಳನ್ನು ವಾಪಸು ತೆಗೆದುಕೊಂಡು ಗಿರಾಕಿಗಳ ಹತ್ತಿರ ಬೈಸಿಕೊಳ್ಳುವ ನೀಲಕಂಠಪ್ಪನವರು ಈ ಮಾತನ್ನು ತುಂಬಾ ಅಸೂಯೆಯಿಂದ ಕೇಳಿಸಿಕೊಂಡರು.

ಆಮೇಲೆ ಅಂಜನಾ, ಶರಣ್ ಇಬ್ಬರೂ ಹಳೆಯ ನೆನಪು ಹೇಳಿ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ನಮ್ಮ ರಸ್ತೆಯ ಮೂಲೆಯಲ್ಲಿದ್ದ ಬೀದಿ ನಲ್ಲಿಯ ಕಥೆ ಹೇಳಿದೆ. ಮನೆಮನೆಗೆ ಲೈನು ಬರುವ ಮೊದಲು ಅಲ್ಲೇ ಎಲ್ಲರೂ ನೀರು ಹಿಡಿಯುತ್ತಿದ್ದುದು. ಸಾಲಿನಲ್ಲಿ ನಿಲ್ಲಲು ಪುರುಸೊತ್ತಿಲ್ಲದವರು ಕೊಡದ ಬದಲು ಯಾವುದಾದರೂ ಸಾಮಾನಿಟ್ಟು ಜಾಗ ಹಿಡಿಯುತ್ತಿದ್ದರು: ಒಡೆದ ಗುಂಡುಕಲ್ಲು, ತೂತು ತಂಬಿಗೆ, ಒಂದೇ ಚಪ್ಪಲಿ. ಇದು ಯಾರ ಮನೆಯ ಚಪ್ಪಲಿ ಎಂದು ಇಡೀ ರಸ್ತೆಗೆ ಗೊತ್ತಿರುತ್ತಿತ್ತು. ಚಪ್ಪಲಿಯನ್ನು ಯಾರಾದರೂ ಹಿಂದಕ್ಕೆ ಸರಿಸಿದರೆ ಆ ದಿನ ನೀರಿಗಿಂತ ಜಗಳವೇ ಜೋರಾಗಿ ಹರಿಯುತ್ತಿತ್ತು.

ಅಂಜನಾ ಬರೆದುಕೊಳ್ಳುತ್ತಲೇ ಇದ್ದಳು. ಅವಳು ಬರೆದುಕೊಂಡಷ್ಟೂ ನನಗೆ ಹೇಳಬೇಕೆನಿಸಿತು. ಬಾಯಿ ನಿಲ್ಲಲಿಲ್ಲ.

“ಆ ಮೂಲೇಲಿ ಎರಡು ವಾಲ್ವಮ್ಮ, ಪಕ್ಕಪಕ್ಕ. ಮುಚ್ಚಳ ಎರಡೂ ಒಂದೇ ಥರ. ಒಂದು ಬೀದಿ ನಲ್ಲೀದು, ಒಳ್ಳೇ ನೀರು. ಇನ್ನೊಂದು ಲೈನ್ ತೊಳೆಯೋದು. ಅದನ್ನ ತೆಗೆದ್ರೆ ಪೈಪಿನ ತುಕ್ಕು, ಕಸರೆಲ್ಲ ಮೋರಿಗೆ ನುಗ್ಗುತ್ತೆ. ಗೊತ್ತಾಗಲಿ ಅಂತ ನಾನು ಒಳ್ಳೇ ನೀರಿನ ಮುಚ್ಚಳಕ್ಕೆ ಸುಣ್ಣದಲ್ಲಿ ಮೂರು ಪಟ್ಟೆ ಎಳೀತಿದ್ದೆ. ವಿಭೂತಿ ಥರ.”

“ಅಯ್ಯೋ ಅಂಕಲ್! ಎಷ್ಟು ಚೆನ್ನಾಗಿದೆ! ಆ ಪೈಪು ಇನ್ನೂ ಇದ್ಯಾ?”

“ಭೂಮಿ ಒಳಗೆ ಇದ್ದೇ ಇದೆ. ಈಗಲೂ ನನ್ನ ಕಣ್ಣು ಕಟ್ಟಿ ಬಿಡಿ, ಹೋಗಿ ತೆಗೀತೀನಿ.”

ನೀಲಗಂಗಮ್ಮ ನನ್ನ ಕಡೆ ನೋಡಿದಳು. ನಾನು ಖಾರಾಬಾತಿನ ಕಡೆ ನೋಡಿದೆ.

ಎರಡು ತಿಂಗಳು ಕೆಲಸ ನಡೆಯಿತು. ಮೂಲೆಯಲ್ಲಿ ಹೊಸ ಕಲ್ಲುಕಂಬ ನಿಲ್ಲಿಸಿ ಹಿತ್ತಾಳೆಯ ನಲ್ಲಿ ಕೂರಿಸಿ, ಹಳೆಯ ಪೈಪಿಗೆ ಜೋಡಿಸಿದರು. ನಲ್ಲಿಯಿಂದ ಶುರುವಾಗಿ ಫುಟ್‌ಪಾತಿನ ಉದ್ದಕ್ಕೂ ಮನೆಗೊಂದರಂತೆ ಹಳೆಯ ಸಾಮಾನುಗಳ ಸಾಲು. ನೀಲಕಂಠಪ್ಪನವರು ಅಸೋಸಿಯೇಷನ್ನಿನ ಪಟ್ಟಿ ಹಿಡಿದು ಮೂವತ್ತನಾಲ್ಕು ಮನೆಯ ಮಾಲೀಕರಿಂದ ಒಂದೊಂದು ಸಾಮಾನು ತರಿಸಿದರು. ಉದ್ಘಾಟನೆಯ ದಿನ ಮಾಲೀಕರೆಲ್ಲ ಕೊಡ ಹಿಡಿದು ಸಾಲಾಗಿ ನಿಲ್ಲುವುದು, ನಾನು ವಾಲ್ವ್ ತಿರುಗಿಸುವುದು, ನಲ್ಲಿಯಲ್ಲಿ ನೀರು ಬರುವುದು, ಆಮೇಲೆ ಜನರ ಮಧ್ಯೆ ಏನು ಹುಟ್ಟುತ್ತದೋ ಅದು ಕಲೆ. ಹೀಗೆ ತೀರ್ಮಾನವಾಯಿತು.

ಪಟ್ಟಿಯಲ್ಲಿ ಬಾಡಿಗೆಯವರು ಇರಲಿಲ್ಲ. ಆದ್ದರಿಂದ ಕೆಂಚವ್ವನನ್ನು ಯಾರೂ ಕರೆಯಲಿಲ್ಲ. ಮೂಲೆ ಮನೆಯ ನೆಲಮಟ್ಟಕ್ಕಿಂತ ಮೂರು ಮೆಟ್ಟಿಲು ಕೆಳಗೆ ಒಂದು ರೂಮು. ಬಾಗಲಕೋಟೆ ಕಡೆಯಿಂದ ಬಂದ ಕೆಂಚವ್ವ ಅಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗಂಡ ಗೂಳಪ್ಪ ಅವನ್ನು ಬಿಟಿಎಂ ಲೇಔಟಿನ ಮೆಸ್ಸುಗಳಿಗೆ ಕೊಟ್ಟು ಬರುತ್ತಿದ್ದ. ಹೊಸ ನಲ್ಲಿಯ ಕಂಬಕ್ಕೂ ಅವಳ ಬಾಗಿಲಿಗೂ ಹತ್ತು ಹೆಜ್ಜೆ. ಎರಡು ತಿಂಗಳು ಅಲ್ಲಿ ಕಲೆ ನಡೆದರೂ ಆ ಮೂರು ಮೆಟ್ಟಿಲು ಯಾರೂ ಇಳಿಯಲಿಲ್ಲ. ನಾನೂ ಇಳಿಯಲಿಲ್ಲ.

ಉದ್ಘಾಟನೆ ಭಾನುವಾರ ಬೆಳಿಗ್ಗೆ. ಈಗಿನ ವಾಲ್ವ್‌ಮನ್ ಮರೆಪ್ಪ ಆಳೆತ್ತರದ ಕಬ್ಬಿಣದ ಕೀಲಿಯನ್ನು ಆಚೀಚೆ ನೋಡಿ ನನ್ನ ಕೈಗೆ ಕೊಟ್ಟ.

“ಅಣ್ಣಾ, ಮೂರೇ ಸುತ್ತು. ನಂದು ಕಾಂಟ್ರಾಕ್ಟ್ ಕೆಲಸ.”

“ನಂಗೆ ಹೇಳಿಕೊಡ್ತೀಯೇನೋ?” ಎಂದೆ.

ಮೂಲೆಗೆ ಹೋಗಿ ನೋಡಿದರೆ, ಪಕ್ಕಪಕ್ಕದ ಎರಡು ಮುಚ್ಚಳಕ್ಕೂ ಮೂರು ಬಿಳಿ ಪಟ್ಟೆ. ಆಚೆ ಇರುವ ಮುಚ್ಚಳಕ್ಕೂ. ಅದರಾಚೆಯದಕ್ಕೂ. ಒಳಚರಂಡಿಯ ಮುಚ್ಚಳಗಳೂ ಸೇರಿ ಇಡೀ ರಸ್ತೆ ವಿಭೂತಿ ಧರಿಸಿಕೊಂಡು ಮಲಗಿತ್ತು.

“ಸರ್‌ಪ್ರೈಸ್ ಅಂಕಲ್!” ಎಂದಳು ಅಂಜನಾ. “ನಿಮಗೆ ಗೌರವ ಅಂತ ರೋಡಲ್ಲಿರೋ ಎಲ್ಲಾದಕ್ಕೂ ಹಾಕಿಸಿದ್ವಿ. ಹೇಗಿದೆ?”

“ಚೆನ್ನಾಗಿದೆ,” ಎಂದೆ.

ಎರಡು ಮುಚ್ಚಳವನ್ನೂ ನೋಡಿದೆ. ಹಳೆಯ ಗುರುತಿನ ಬೇವಿನ ಮರ ಇಲ್ಲ. ಫುಟ್‌ಪಾತು ಎರಡು ಸಲ ಎತ್ತರವಾಗಿದೆ. ಎಡಗಡೆಯದೋ, ಬಲಗಡೆಯದೋ? ತಲೆಯೊಳಗೆ ಎಷ್ಟು ಹುಡುಕಿದರೂ ಅಲ್ಲಿ ಏನೂ ಇರಲಿಲ್ಲ. “ಯಾವುದೋ ಗೊತ್ತಾಗ್ತಿಲ್ಲ, ತಡೀರಿ” ಎಂದಿದ್ದರೆ ಮುಗಿಯುತ್ತಿತ್ತು. ಮರೆಪ್ಪ ಐದು ನಿಮಿಷದಲ್ಲಿ ಪರೀಕ್ಷೆ ಮಾಡಿ ಹೇಳುತ್ತಿದ್ದ. ಆದರೆ ಅಷ್ಟರಲ್ಲಿ ನೀಲಕಂಠಪ್ಪನವರು ಮೈಕು ಹಿಡಿದಿದ್ದರು.

“ಕಣ್ಣು ಕಟ್ಟಿ ಬಿಟ್ಟರೂ ವಾಲ್ವ್ ತೆಗೆಯುವಂಥ ನಮ್ಮ ರಸ್ತೆಯ ಹಿರಿಯರು, ಶ್ರೀ ಕರಿಬಸವಯ್ಯನವರು!”

“ಕಟ್ಟಿ, ಕಟ್ಟಿ!” ಎಂದು ಜನ ಕೂಗಿದರು. ಯಾರೋ ಬಂದು ನಿಜವಾಗಿಯೂ ನನ್ನ ಕಣ್ಣಿಗೆ ಟವೆಲ್ಲು ಕಟ್ಟಿದರು.

ನಾನು ಎಡಗಡೆಯ ಮುಚ್ಚಳ ತೆಗೆಸಿ ಕೀಲಿ ಇಳಿಸಿದೆ. ಮೂರು ಸುತ್ತು ತಿರುಗಿಸಿದೆ. ನಲ್ಲಿ ಒಂದು ಸಲ ಉಸ್ಸೆಂದಿತು. ಆಮೇಲೆ ಎಲ್ಲೋ ಭೂಮಿಯೊಳಗೆ ಗುಡುಗುಡು ಸದ್ದಾಯಿತು. ಅದರ ಹಿಂದೆಯೇ ಜೋರು ಚಪ್ಪಾಳೆ. ಸರಿಯಾದದ್ದನ್ನೇ ತೆಗೆದೆ ಎಂದು ಉತ್ಸಾಹ ಬಂದು ಇನ್ನೂ ಆರು ಸುತ್ತು ತಿರುಗಿಸಿದೆ. ಚಪ್ಪಾಳೆ ಇನ್ನೂ ಜೋರಾಯಿತು. ಆಗ ನನ್ನ ಪಾದಕ್ಕೆ ತಣ್ಣಗೆ ಏನೋ ತಗುಲಿತು.

ಟವೆಲ್ಲು ಕಿತ್ತು ನೋಡಿದೆ. ಹಿತ್ತಾಳೆಯ ನಲ್ಲಿ ಒಣಗಿ ನಿಂತಿತ್ತು. ಮೋರಿಯ ಬಾಯಿಗೆ ಎಳನೀರಿನ ಬುರುಡೆಗಳು ಸಿಕ್ಕಿಕೊಂಡು, ಹದಿನಾಲ್ಕು ವರ್ಷದ ಕೆಂಪು ಕಸರು ನೀರು ಉಕ್ಕಿ ರಸ್ತೆಗೆ ಬರುತ್ತಿತ್ತು. ಗುಂಡುಕಲ್ಲು ಒಂದನ್ನು ಬಿಟ್ಟು ಮೂವತ್ತನಾಲ್ಕು ಮನೆಯ ನೆನಪುಗಳೂ ತೇಲುತ್ತಿದ್ದವು. ಮಾಲೀಕರು ಕೊಡ ಎತ್ತಿಕೊಂಡು ಜಗುಲಿ ಹತ್ತಿ ಮೊಬೈಲು ಹಿಡಿದಿದ್ದರು. ಶರಣ್ ಮಾತ್ರ ನೀರಲ್ಲೇ ನಿಂತು ಕೂಗುತ್ತಿದ್ದ:

“ನೋಡಿ! ನಾವು ನಗರಕ್ಕೆ ನೆನಪು ಕೇಳಿದ್ವಿ. ನಗರ ತನ್ನ ಕೊಳೇನ ಕೊಟ್ಟಿದೆ! ಇದಕ್ಕಿಂತ ಉತ್ತರ ಬೇಕಾ?”

ಮರೆಪ್ಪನೂ ನಾನೂ ಸೇರಿ ವಾಲ್ವ್ ಮುಚ್ಚಲು ಹೋದರೆ ಅದು ತೆರೆದ ಹಾಗೆ ಮುಚ್ಚಲಿಲ್ಲ. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ನೀರು ತನಗೆ ಇಳಿಜಾರು ಸಿಕ್ಕಿದ ಕಡೆ ಹೋಯಿತು. ಇಳಿಜಾರು ಇದ್ದದ್ದು ಆ ಮೂರು ಮೆಟ್ಟಿಲ ಕಡೆಗೆ.

ನಾವು ಬೆವರು ಒರೆಸಿಕೊಳ್ಳುವಾಗ ಕೆಂಚವ್ವ ಮೇಲೆ ಬಂದಳು. ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿದ್ದಳು. ಎರಡೂ ಕೈಯಲ್ಲಿ ನೆನೆದು ಜೋತುಬಿದ್ದ ರೊಟ್ಟಿಗಳ ರಾಶಿ. ಜನರನ್ನು ನೋಡಿದಳು, ಕಂಬ ನೋಡಿದಳು, ನನ್ನ ಕೈಯಲ್ಲಿದ್ದ ಕೀಲಿ ನೋಡಿದಳು. ಹಾಗೇ ಇಳಿದು ಹೋದಳು. ಯಾರೋ ಅವಳ ಫೋಟೋ ತೆಗೆದುಕೊಂಡರು.

ಸಂಜೆ ನೀಲಗಂಗಮ್ಮ ವಿಷಯ ತಂದಳು. ಅರೆಕೆರೆಯ ಒಂದು ಗೃಹಪ್ರವೇಶಕ್ಕೆ ಎಂಟುನೂರು ಕಡಕ್ ರೊಟ್ಟಿ ಕೊಡಬೇಕಿತ್ತಂತೆ. ಹದಿನೈದು ದಿನದಿಂದ ಬಡಿದು ಒಣಗಿಸಿ ನೆಲದಿಂದ ಮೇಲಕ್ಕೆ ಅಟ್ಟಿ ಹಾಕಿ ಇಟ್ಟಿದ್ದಳಂತೆ. ಹಿಟ್ಟಿನ ಚೀಲವೂ ಹೋಯಿತಂತೆ.

ಮಾರನೆಯ ಬೆಳಿಗ್ಗೆ ನಾನು ತಪ್ಪೊಪ್ಪಿಕೊಳ್ಳಲು ಹೊರಟೆ. ಮೊದಲು ನೀಲಕಂಠಪ್ಪನವರ ಅಂಗಡಿ.

“ಅಧ್ಯಕ್ಷರೇ, ತಪ್ಪಾಯ್ತು. ಯಾವ ವಾಲ್ವ್ ಅಂತ ನನಗೆ ಗೊತ್ತಿರಲಿಲ್ಲ.”

ಅವರು ಅಂಗಡಿಯ ಹುಡುಗರನ್ನೆಲ್ಲ ಆಚೆ ಕಳಿಸಿ ಶಟರು ಅರ್ಧ ಎಳೆದರು. “ಕರಿಬಸವಯ್ಯನವರೇ, ಆ ಪದ ಇನ್ನೊಂದ್ಸಲ ಬಾಯಿಗೆ ತರಬೇಡಿ. ನಿಮ್ಮದು ತಪ್ಪು ಅಂದ್ರೆ ಅಸೋಸಿಯೇಷನ್‌ದೂ ತಪ್ಪಾಗುತ್ತೆ. ವಿಡಿಯೋ ಎಷ್ಟು ಜನ ನೋಡಿದಾರೆ ಗೊತ್ತಾ? ಅರವತ್ತು ಸಾವಿರ! ಎಲ್ಲಾ ಕೇಳ್ತಿದಾರೆ, ಆ ಅಂಕಲ್ ಯಾವ ನಾಟಕ ಕಂಪನಿ ಅಂತ.”

“ಕೆಂಚವ್ವನ ಮನೆಗೆ...”

“ಅವರು ಬಾಡಿಗೆಯವರು. ಅದು ಮನೆ ಓನರ್ ನೋಡ್ಕೋತಾರೆ.”

ಅಲ್ಲಿಂದ ನೀರಿನ ಕಚೇರಿಗೆ ಹೋದೆ. ಎಂಜಿನಿಯರು ನನ್ನನ್ನು ಕಂಡವರೇ ಎದ್ದು ಬಾಗಿಲು ಹಾಕಿದರು. ಅಂದು ನನಗಾಗಿ ಬಹಳ ಬಾಗಿಲುಗಳು ಮುಚ್ಚಿಕೊಂಡವು.

“ಸಾರ್, ನನ್ನ ತಪ್ಪಿಂದ ಲೈನ್ ನೀರು ಪೋಲಾಯ್ತು. ಮರೆಪ್ಪಂದೇನೂ ಇಲ್ಲ. ಬರೆದುಕೊಳ್ಳಿ, ನಾಲ್ಕಕ್ಷರ ಸಹಿ ಹಾಕಿ ಹೋಗ್ತೀನಿ.”

“ಏನ್ರೀ ಕರಿಬಸವಯ್ಯ, ಕೆಲಸದಲ್ಲಿದ್ದಾಗ ಇಲ್ಲದ ಪ್ರಾಮಾಣಿಕತೆ ಈಗ ಬಂತಾ? ನೀವು ತಪ್ಪು ಅಂದ್ರೆ ನಾನು ರಿಪೋರ್ಟ್ ಬರೀಬೇಕು. ರಿಪೋರ್ಟ್ ಬರೆದ್ರೆ ರಿಟೈರಾದವರ ಕೈಗೆ ಕೀಲಿ ಹೆಂಗೆ ಬಂತು ಅಂತಾರೆ. ಮರೆಪ್ಪ ಹೋಗ್ತಾನೆ, ಅವನ ಹಿಂದೆ ನಾನೂ ಹೋಗ್ತೀನಿ. ನಾನು ಆಗಲೇ ಕಳಿಸಿಬಿಟ್ಟಿದೀನಿ: ಲೈನ್ ಸ್ವಚ್ಛತೆ ಬಗ್ಗೆ ಸಾರ್ವಜನಿಕರಿಗೆ ಜಾಗೃತಿ ಕಾರ್ಯಕ್ರಮ ಯಶಸ್ವಿ. ಮೇಲಿನವರು ಶಭಾಷ್ ಅಂದಿದಾರೆ.”

“ಆದರೆ ಸಾರ್...”

“ಕಾಫಿ ಕುಡೀತೀರಾ?”

ಮನೆಗೆ ಬಂದರೆ ದಾವಣಗೆರೆಯಿಂದ ಮಗಳು ಗಿರಿಜಾದೇವಿಯ ಫೋನು. “ಅಪ್ಪಾಜಿ, ಸಖತ್! ಟವೆಲ್ ಬಿಚ್ಚಿ ನೀವು ಮುಖ ಹಿಂಗೆ ಮಾಡ್ತೀರಲ್ಲ, ನಮ್ಮನೆಯವರು ಹತ್ತು ಸಲ ನೋಡಿದ್ರು. ಇಷ್ಟು ವರ್ಷ ಈ ಆಕ್ಟಿಂಗ್ ಎಲ್ಲಿ ಬಚ್ಚಿಟ್ಟಿದ್ರಿ?”

“ಅದು ಆಕ್ಟಿಂಗ್ ಅಲ್ಲಮ್ಮ, ಗಾಬರಿ.”

“ನೋಡಿ, ನೋಡಿ, ಈಗಲೂ ಎಷ್ಟು ನ್ಯಾಚುರಲ್!”

ಇನ್ನು ಮನೆಮನೆಗೆ ಹೋಗಿಯೇ ಹೇಳಬೇಕು ಎಂದು ತೀರ್ಮಾನಿಸಿದೆ. ಮೊದಲನೇ ಮನೆಯಲ್ಲಿ ಕೈಮುಗಿದು “ತಪ್ಪಾಯ್ತು” ಅನ್ನುವಷ್ಟರಲ್ಲಿ ಹಿಂದೆ ಏನೋ ಕ್ಲಿಕ್ ಎಂದಿತು. ಶರಣ್ ಕ್ಯಾಮೆರಾ ಹಿಡಿದು ನಿಂತಿದ್ದ.

“ಅಂಕಲ್, ನನ್ನನ್ನ ಗಮನಿಸಬೇಡಿ. ಇದು ಕೃತಿಯ ಎರಡನೇ ಹಂತ. ಕ್ಷಮೆ ಮನೆಯಿಂದ ಮನೆಗೆ ನಡೆಯುತ್ತೆ. ನಾವು ಪ್ಲಾನ್ ಮಾಡಿದ್ರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ.”

“ಇದು ಕೃತಿ ಅಲ್ಲಪ್ಪ. ನಾನು ನಿಜವಾಗಿ ಕೇಳ್ತಿದೀನಿ.”

“ಅದೇ ಅಂಕಲ್, ಅದೇ! ಕಲೆಗೂ ಬದುಕಿಗೂ ನಡುವಿನ ಗೆರೆ ಅಳಿಸಿಹೋಗೋದು ಅಂದ್ರೆ ಇದೇ!”

ಅವನನ್ನು ಅಟ್ಟಲಾಗಲಿಲ್ಲ. ನಾನು ಏನು ಹೇಳಿದರೂ ಅದು ಅವನ ಸಿದ್ಧಾಂತದ ಪರವಾಗಿಯೇ ಇರುತ್ತಿತ್ತು. ಕ್ಯಾಮೆರಾ ಹಿಂದೆ ಇದ್ದುದರಿಂದ ಜನ ಬಾಗಿಲು ತೆಗೆಯುವ ಮೊದಲು ತಲೆ ಬಾಚಿಕೊಂಡು ಬಂದರು. ಒಬ್ಬರು ಕೋಸಂಬರಿ ಕೊಟ್ಟರು. ಒಬ್ಬ ಹುಡುಗಿ, “ಅಂಕಲ್, ಇನ್ನೊಂದ್ಸಲ ಹೇಳಿ, ಲೈಟು ಸರಿ ಇರಲಿಲ್ಲ” ಎಂದಳು. ಹದಿನೇಳನೇ ಮನೆಯ ಯಜಮಾನರು ಮಾತ್ರ ಕಣ್ಣೀರು ಹಾಕಿದರು. ನನ್ನ ಎರಡೂ ಕೈ ಹಿಡಿದುಕೊಂಡು, “ನಾನೇ ಕೇಳಬೇಕು ಕ್ಷಮೆ. ತೊಂಬತ್ತಾರನೇ ಇಸವೀಲಿ ಲೈನಿಗೆ ಮೋಟಾರ್ ಹಾಕಿ ನೀರು ಎಳೀತಿದ್ದೆ” ಎಂದರು. ಅದು ನನಗೆ ಅಂದೇ ಗೊತ್ತಿತ್ತು. ಶರಣ್ ಆನಂದ ತಡೆಯಲಾಗದೆ ಬ್ಯಾಟರಿ ಬದಲಾಯಿಸಿದ.

ಮೂರು ದಿನದಲ್ಲಿ ಮೂವತ್ತನಾಲ್ಕು ಮನೆ ಮುಗಿಯಿತು. ಕಾಲು ಚಾಚಿ ಕುಳಿತೆ. ನೀಲಗಂಗಮ್ಮ ಬಿಸಿನೀರು ತಂದಿಟ್ಟಳು.

“ಎಲ್ಲಾ ಮನೆ ಆಯ್ತಾ?”

“ಆಯ್ತು.”

“ನೀರು ಹೋಗಿದ್ದು ಒಂದೇ ಮನೆಗೆ. ಅದೊಂದನ್ನ ಬಿಟ್ಟು ಊರೆಲ್ಲಾ ಸುತ್ತಿದ್ರಲ್ಲ.”

“ಅಲ್ಲಿ... ಬಾಗಿಲು ಹಾಕಿತ್ತು.”

“ರೊಟ್ಟಿ ಬಡಿಯೋ ಸದ್ದು ನಂಗೆ ಇಲ್ಲೀವರೆಗೂ ಕೇಳ್ತಿತ್ತಲ್ಲ ರೀ.”

ನಾನು ಬಿಸಿನೀರಿನಲ್ಲಿ ಕಾಲು ಇಟ್ಟುಕೊಂಡು ಕುಳಿತೆ. ಕೇಳುತ್ತಿದ್ದದ್ದು ನಿಜ. ಮೂರು ದಿನವೂ ಆ ಮೆಟ್ಟಿಲ ಹತ್ತಿರ ಹೋಗಿ, ಚಪ್ಪಲಿ ಸರಿಮಾಡಿಕೊಂಡವನ ಹಾಗೆ ಬಗ್ಗಿ, ಎದ್ದು ಮುಂದಿನ ಮನೆಗೆ ಹೋಗಿದ್ದೆ.

ಮುಂದಿನ ಭಾನುವಾರ ಪಾರ್ಕಿನಲ್ಲಿ ನನಗೆ ಸನ್ಮಾನ. ಬೇಡವೆಂದೆ, ಅದನ್ನು ವಿನಯ ಅಂದುಕೊಂಡರು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿ ಎಂಜಿನಿಯರು. ಶರಣ್ ಅರ್ಧ ಗಂಟೆ ಮಾತಾಡಿದ. ನಾನು ತಪ್ಪಾದ ವಾಲ್ವ್ ತೆಗೆದದ್ದು ಅಧಿಕಾರದ ವಿರುದ್ಧದ ಪ್ರತಿರೋಧವಂತೆ. ಎಂಜಿನಿಯರೇ ಜೋರಾಗಿ ಚಪ್ಪಾಳೆ ತಟ್ಟಿದರು.

ಮೈಕು ನನ್ನ ಕೈಗೆ ಬಂತು. ಪೇಟ ಹಣೆಗೆ ಇಳಿಯುತ್ತಿತ್ತು, ಅದನ್ನು ಮೇಲೆ ತಳ್ಳಿ ಹೇಳಿದೆ:

“ನನಗೆ ಆವತ್ತು ಗೊತ್ತಿರಲಿಲ್ಲ. ಎರಡು ಮುಚ್ಚಳದಲ್ಲಿ ಯಾವುದು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ತಿರುಗಿಸಿದೆ.”

ಚಪ್ಪಾಳೆ.

“ಚಪ್ಪಾಳೆ ತಟ್ಟಬೇಡಿ. ನಾಚಿಕೆ ಆಗುತ್ತೆ.”

ಇನ್ನೂ ಜೋರು ಚಪ್ಪಾಳೆ. ಹಿಂದಿನ ಸಾಲಿನವರು ಎದ್ದು ನಿಂತರು. ನಾನು ಅಲ್ಲೇ ಅತ್ತುಬಿಟ್ಟಿದ್ದರೆ ಹೂವು ಎರಚುತ್ತಿದ್ದರೋ ಏನೋ.

“ಯಾಕ್ರೀ ಚಪ್ಪಾಳಿ ಬಡೀತೀರಿ?”

ಪಾರ್ಕಿನ ಬೇಲಿಯಾಚೆ ಕೆಂಚವ್ವ ನಿಂತಿದ್ದಳು, ಕಂಕುಳಲ್ಲಿ ರೊಟ್ಟಿ ಬುಟ್ಟಿ.

“ಆ ಅಜ್ಜ ತಪ್ಪು ಮಾಡೀನಿ ಅಂತ ಹೇಳಾಕತ್ತಾನ. ಕೇಳಂಗಿಲ್ಲೇನು ನಿಮಗ? ಮಂದಿ ತಪ್ಪು ಮಾಡೀನಿ ಅಂದ್ರ ಕೈ ಬಡೀತಾರೇನ್ರೀ ಈ ಊರಾಗ?” ಆಮೇಲೆ ನನ್ನ ಕಡೆ ತಿರುಗಿದಳು. “ಅಜ್ಜಾರ, ನೀರು ಬಂದಿದ್ದು ಈ ಪಾರ್ಕಿಗಲ್ಲ, ನನ್ನ ಮನಿಗೆ. ಹೇಳೂದಿದ್ರ ಅಲ್ಲಿ ಬಂದು ಹೇಳ್ರಿ.”

ಚಪ್ಪಾಳೆ ನಿಂತಿತು. ಶರಣ್ ಬೇಲಿಯ ಹತ್ತಿರ ಓಡಿದ. “ಅಮ್ಮಾ, ಅದ್ಭುತ! ಅದನ್ನೇ ಇನ್ನೊಂದ್ಸಲ ಮೈಕಲ್ಲಿ...”

“ಏ ತಮ್ಮಾ, ಸರಿ ಅತ್ಲಾಗ,” ಎಂದು ಅವಳು ಹೋದಳು.

ಆಗ ಚಪ್ಪಾಳೆ ಮತ್ತೆ ಶುರುವಾಯಿತು. ಅಂಜನಾ ಒಬ್ಬಳು ತಟ್ಟಲಿಲ್ಲ.

ನಾನು ವೇದಿಕೆ ಇಳಿದವನು ನಿಲ್ಲದೆ ನಡೆದೆ. ಆ ಮೂರು ಮೆಟ್ಟಿಲನ್ನು ಇಳಿಯುವಾಗ ಪೇಟ ಬಾಗಿಲಿನ ಮೇಲ್ಪಟ್ಟಿಗೆ ಬಡಿದು ಕೆಳಗೆ ಉರುಳಿತು. ತಲೆಯ ಮೇಲೆ ಅದು ಇದೆಯೆಂಬುದೇ ಮರೆತುಹೋಗಿತ್ತು.

“ಅದನ್ನ ಹೊರಗ ಇಡ್ರಿ,” ಎಂದಳು ಕೆಂಚವ್ವ. “ಒಳಗ ಬರ್ರಿ.”

ಒಳಗೆ ಹುಳಿ ವಾಸನೆ. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕೆಂಪು ಗೆರೆ. ಮೂಲೆಯಲ್ಲಿ ಗಟ್ಟಿಯಾಗಿ ಕಲ್ಲಾದ ಹಿಟ್ಟಿನ ಚೀಲ.

“ತಪ್ಪಾಯ್ತು ತಾಯಿ,” ಎಂದೆ. “ಯಾವ ವಾಲ್ವ್ ಅಂತ ಗೊತ್ತಿರಲಿಲ್ಲ. ಅಷ್ಟು ಜನದ ಮುಂದೆ ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು.”

“ನಾಚಿಕಿ ಆತು!” ಎಂದು ಅವಳು ಕೈಯಲ್ಲಿದ್ದ ಹಿಟ್ಟನ್ನು ಕಲಸುವ ಪರಾತಕ್ಕೆ ಬಡಿದಳು. “ನಿಮಗ ಆದ ನಾಚಿಕಿ ಬಂದು ನನ್ನ ಹಿಟ್ಟಿನ ಚೀಲದಾಗ ಬಿತ್ತಲ್ರೀ! ಹದಿನೈದು ದಿನ ಬಡದೀನಿ. ಮುನ್ನೂರು ಉಳೀತು, ಅದನ್ನ ಕೊಟ್ಟೆ. ಉಳದದ್ದು ಅವರು ಅಂಗಡ್ಯಾಗ ತಂದ್ರಂತ. ಕೆಂಚವ್ವನ ನಂಬಿ ಮಂದಿ ಮುಂದ ಮಾನ ಹೋತು ಅಂದ್ರು. ನನ್ನ ಹೆಸರ ಹೋತು. ಸಾಲಾಗ ನಿಂದ್ರಾಕ ನನ್ನ ಯಾರೂ ಕರೀಲಿಲ್ಲ. ನೀರ ಮಾತ್ರ ನನ್ನ ಮನಿಗೆ ಕಳಿಸಿದ್ರಿ. ಆಮ್ಯಾಲ ಮನಿ ಮನಿ ತಿರುಗಿ ತಪ್ಪಾತು ತಪ್ಪಾತು ಅಂತ ಹೇಳಿದ್ರಿ. ಕೋಸಂಬರಿ ತಿಂದ್ರಂತಲ್ಲ? ಚಲೋ ಇತ್ತೇನು?”

“ಉಪ್ಪು ಕಮ್ಮಿ ಇತ್ತು,” ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದೊಂದೇ.

ಅವಳು ನನ್ನನ್ನು ನೋಡಿದಳು. ನಗು ಬರುವ ಹಾಗಿತ್ತು, ಬರಲಿಲ್ಲ.

“ತಪ್ಪು ನಿಮ್ದ.”

“ಹೌದು ತಾಯಿ. ನಂದೇ.”

ಬಾಗಿಲಲ್ಲಿ ನೆರಳಾಯಿತು. ಅಂಜನಾ ಎರಡನೇ ಮೆಟ್ಟಿಲ ಮೇಲೆ ನಿಂತಿದ್ದಳು. ಕೈಯಲ್ಲಿ ನೋಟ್‌ಬುಕ್ಕೂ ಇರಲಿಲ್ಲ, ಫೋನೂ ಇರಲಿಲ್ಲ. “ಅಕ್ಕಾ, ಎಲ್ಲಾ ಮುಚ್ಚಳಕ್ಕೂ ಪಟ್ಟೆ ಹಾಕಿಸಿದ್ದು ನಾನು. ಎರಡು ತಿಂಗಳು ಇಲ್ಲೇ ಇದ್ದು ನಿಮ್ಮನ್ನ ಕರೀಲಿಲ್ಲ.”

“ನಿಂತು ಅಳಬ್ಯಾಡ ಈಗ. ಆ ಮೂಲ್ಯಾಗ ಕೆರಿಯೂ ತಗಡು ಅದ. ನೆಲಕ್ಕ ಒಣಗಿ ಅಂಟಿದ ಕೆಸರು ಕೆರಿ.”

ಅಂಜನಾ ಕೆರೆಯತೊಡಗಿದಳು. ಅದನ್ನು ಯಾರೂ ಚಿತ್ರ ತೆಗೆಯಲಿಲ್ಲವಾದ್ದರಿಂದ ಅದು ಕಲೆಯೋ ಅಲ್ಲವೋ ನಾನು ಹೇಳಲಾರೆ. ನೆಲವಂತೂ ಸ್ವಚ್ಛವಾಯಿತು.

“ಅಜ್ಜಾರ,” ಎಂದಳು ಕೆಂಚವ್ವ ನನಗೆ. “ಮಾಫ್ ಮಾಡೀನಿ ಅಂತ ನಾ ಈಗ ಏನೂ ಹೇಳೂದಿಲ್ಲ. ನೀವು ನಾಳೆ ನನ್ನ ಜೋಡಿ ಅರೆಕೆರಿಗೆ ಬರ್ರಿ. ಆ ಮನಿಯವರ ಮುಂದ ನಿಂತು, ತಪ್ಪು ಕೆಂಚವ್ವಂದಲ್ಲ, ನಂದು ಅಂತ ಹೇಳ್ರಿ.”

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಇಬ್ಬರೂ ಹೋದೆವು. ಹೊಸ ಮನೆ, ಬಾಗಿಲಲ್ಲಿ ಮಾವಿನ ತೋರಣ ಒಣಗಿ ನಿಂತಿತ್ತು. ಮನೆಯೊಡತಿ ರಾಜಶ್ರೀ ಬಾಗಿಲು ತೆಗೆದು ಕೆಂಚವ್ವನನ್ನು ನೋಡಿ ಮುಖ ಬಿಗಿದಳು. ಕೂತ್ಕೊಳ್ಳಿ ಅನ್ನಲಿಲ್ಲ. ನಾನು ಹೊಸಿಲಾಚೆಯೇ ಕೈಮುಗಿದು ನಿಂತು, ಮುಚ್ಚಳದಿಂದ ಹಿಡಿದು ಹಿಟ್ಟಿನ ಚೀಲದವರೆಗೆ ಒಂದನ್ನೂ ಬಿಡದೆ ಹೇಳಿದೆ. ನೆನಪು ಆಗ ಸರಿಯಾಗಿ ಕೆಲಸ ಮಾಡಿತು.

ರಾಜಶ್ರೀ ಸೊಂಟಕ್ಕೆ ಕೈಯಿಟ್ಟು ಪೂರ್ತಿ ಕೇಳಿದಳು.

“ಅಲ್ರೀ ಯಜಮಾನ್ರ, ಇಷ್ಟು ವಯಸ್ಸಾಗೇತಿ, ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನಾಕ ಏನ್ರೀ ರೋಗ? ನಮ್ಮ ಬೀಗರ ಮುಂದ ನನ್ನ ಮೂಗು ಕೊಯ್ದಂಗಾತು. ಪಂಗ್ತ್ಯಾಗ ಕುಂತ ಮಂದಿ ಅಂಗಡಿ ರೊಟ್ಟಿ ಮುರದು, ಇದೇನು ರಟ್ಟೇನು ಅಂತ ಕೇಳಿದ್ರು! ಪಾಪ, ಈಕಿಗೆ ನಾ ಬಾಯಿಗೆ ಬಂದಂಗ ಬೈದೆ. ಕಣ್ಣು ಕಟ್ಟಿಸಿಕೊಂಡು ಆಟ ಆಡೂ ವಯಸ್ಸೇನ್ರೀ ನಿಮ್ದು? ಮೊಮ್ಮಕ್ಕಳು ಅದಾರೋ ಇಲ್ಲೋ ಮನ್ಯಾಗ?”

“ಇದ್ದಾರೆ ತಾಯಿ.”

“ಅವರರ ಹೇಳಬೇಕಿಲ್ಲೇನು?”

ಹೀಗೆ ಕಾಲು ಗಂಟೆ ನಡೆಯಿತು. ಪಕ್ಕದ ಮನೆಯವರು ಕಿಟಕಿ ತೆರೆದರು. ಮೇಲಿನ ಮನೆಯ ಹೆಂಗಸು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ಬಗ್ಗಿ ನೋಡಿದಳು. ನಾನು ತಲೆ ತಗ್ಗಿಸಿಕೊಂಡೇ ಇದ್ದೆ; ಕಿವಿಯೆಲ್ಲ ಬಿಸಿಯಾಗಿತ್ತು. ಯಾರೊಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಕೊನೆಗೆ ರಾಜಶ್ರೀ ಉಸಿರು ತೆಗೆದುಕೊಂಡು ಕೆಂಚವ್ವನ ಕಡೆ ತಿರುಗಿದಳು. “ಬಾ ಒಳಗ, ನಿಂತಿ ಯಾಕ? ಮುಂದಿನ ತಿಂಗಳು ನಮ್ಮ ತಂಗಿ ಸೀಮಂತ ಐತಿ. ನಾನೂರು ರೊಟ್ಟಿ ಆಗ್ತಾವೇನು?”

“ಆಗ್ತಾವ್ರೀ ಅಕ್ಕಾರ,” ಎಂದು ಕೆಂಚವ್ವ ಒಳಗೆ ಹೋದಳು. ನನ್ನನ್ನು ಯಾರೂ ಕರೆಯಲಿಲ್ಲ. ಗೇಟಿನ ಹತ್ತಿರ ನಿಂತು ಕಾದೆ.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು. ಎರಡು ಸ್ಟಾಪು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

“ಆಕಿ ಚಲೋ ಬೈದ್ಲಲ್ಲ ಅಜ್ಜಾರ?”

“ಚೆನ್ನಾಗಿ ಬೈದ್ರು ತಾಯಿ.”

“ಹುಳಿಮಾವಿನಾಗ ಇನ್ನೊಂದು ಮನಿ ಅದ. ಅವರಿಗೂ ಆವತ್ತು ರೊಟ್ಟಿ ತಪ್ಪಿತ್ತು. ಅಲ್ಲಿ ಅತ್ತಿ ಅದಾಳ, ಆಕಿಗಿಂತ ಜೋರು.”

“ನಾಳೆ ಎಷ್ಟು ಗಂಟೆಗೆ ಹೊರಡೋಣ?” ಎಂದು ಕೇಳಿದೆ.